ತೈಲ ದೇಶದ ಪ್ರತಿನಿಧಿ

ಜುಲೈ ೨, ಭಾನುವಾರ

ಬಂದು ತಲುಪಿದೆ. ಕೋಣೆ ಮೂರನೇ ಮಹಡಿಯಲ್ಲಿ. ಎರಡು ಮಂಚ, ಎರಡು ಮೇಜು, ಒಂದು ಕಿಟಕಿ. ಕಿಟಕಿಯ ಪಕ್ಕದ ಮಂಚ ನನ್ನದು. ನಾನಾಗಿ ಆರಿಸಿಕೊಂಡದ್ದಲ್ಲ, ಜೊತೆಗಾರ ನನಗಿಂತ ಮೊದಲೇ ಬಂದು ಗೋಡೆಯ ಪಕ್ಕದ್ದರಲ್ಲಿ ಕಾಲು ಚಾಚಿದ್ದ. ಆರಡಿ ಮೀರಿದ ಆಳು, ಕಾಲು ಮಂಚದಿಂದ ಆಚೆ ಬಂದಿದೆ. ಗಾಳಿಯಂತ್ರ ರಿಪೇರಿ ಅವನ ಕಸುಬು. ನೂರು ಮೀಟರ್ ಎತ್ತರದ ಕಂಬದ ತುದಿಯಲ್ಲಿ ಕೂತು ಬೋಲ್ಟು ಬಿಗಿಯುವವನಂತೆ. ಮನಸ್ಸಿನಲ್ಲೇ ಗಾಳಿಯಪ್ಪ ಎಂದು ಹೆಸರಿಟ್ಟೆ. ಕಿಟಕಿ ಹಾರು ಹೊಡೆದಿದೆ. ಬೇಸಿಗೆ ವಿಶ್ವವಿದ್ಯಾಲಯ ಎಂದು ಹೆಸರಷ್ಟೇ, ಬೇಸಿಗೆ ಇನ್ನೂ ಬಂದಂತಿಲ್ಲ. ಮುಚ್ಚೋಣವೇ ಎಂದು ಕೇಳಬೇಕೆಂದಿದ್ದೆ. ಅವನಿಗೆ ಗಾಳಿ ಇಷ್ಟವೇನೋ, ಹೊಟ್ಟೆ ಹೊರೆಯುವುದೇ ಅದರಿಂದ. ಸ್ವೆಟರ್ ಹಾಕಿಕೊಂಡೆ.

ಈ ಪುಸ್ತಕ ನನ್ನಾಕೆ ಕೊಟ್ಟದ್ದು. "ಹಗಲೆಲ್ಲ ಎಲ್ಲರಿಗೂ ಆಗ್ಲಿ ಆಗ್ಲಿ ಅಂತೀರ, ಆಮೇಲೆ ಹಾಸಿಗೇಲಿ ಹೊರಳಾಡ್ತೀರ. ಆ ಹೊರಳಾಟಾನೆಲ್ಲ ಇದರಲ್ಲಿ ಬರೀರಿ. ಪಕ್ಕದ ಮಂಚದವರಾದ್ರೂ ನಿದ್ದೆ ಮಾಡ್ಲಿ" ಎಂದಳು. ಸುಳ್ಳೇನಲ್ಲ. ಕಚೇರಿಯಲ್ಲಿ ನನ್ನ ಅಡ್ಡಹೆಸರೇ ಆಗ್ಲಿಸಾರ್. ನಗರಸಭೆಯ ಕಟ್ಟಡ ವಿಭಾಗದಲ್ಲಿ ಹದಿನೆಂಟು ವರ್ಷದಿಂದ ಇಂಜಿನಿಯರ್. ಹಸಿರು ವಿದ್ಯುತ್ ಘಟಕ ಎಂದು ಹೊಸದಾಗಿ ಒಂದು ಮೇಜು ಹಾಕಿದಾಗ ಅಲ್ಲಿ ಕೂರಲು ಯಾರೂ ಒಪ್ಪಲಿಲ್ಲ. ನನ್ನನ್ನು ಕೇಳಿದರು, ಆಗ್ಲಿ ಅಂದೆ. ಸುಸ್ಥಿರ ಇಂಧನ ಮತ್ತು ಹವಾಮಾನ ನೀತಿಯ ಬಗ್ಗೆ ನಾಲ್ಕು ವಾರದ ಅಂತರರಾಷ್ಟ್ರೀಯ ತರಗತಿ ಎಂದು ಅರ್ಜಿ ಬಂದಾಗಲೂ ಹಾಗೇ. ಅದು ಐದು ಮೇಜು ಸುತ್ತಿ ನನ್ನ ಮೇಜಿನಲ್ಲಿ ಸುಸ್ತಾಗಿ ಕೂತಿತು.

ಹೆರಿಗೆ ಆಸ್ಪತ್ರೆಯ ಕಾಗದ ಫೋನಿನಲ್ಲೇ ಇದೆ. ಸಹಿ ಮಾಡಿಲ್ಲ. ಅದರ ವಿಷಯ ನಾಳೆ ಬರೆಯುತ್ತೇನೆ.

ಜುಲೈ ೪, ಮಂಗಳವಾರ

ತರಗತಿಯಲ್ಲಿ ಮೂವತ್ತನಾಲ್ಕು ಜನ. ಯಾವ ಯಾವ ಮೂಲೆಯಿಂದಲೋ ಬಂದವರು. ಪಾಠದ ಭಾಷೆ ಯಾರಿಗೂ ಮನೆಯ ಭಾಷೆಯಲ್ಲ, ಹಾಗಾಗಿ ಎಲ್ಲರೂ ಸಮಾನವಾಗಿ ತಡವರಿಸುತ್ತೇವೆ. ಅದೊಂದು ನೆಮ್ಮದಿ. ಆ ಭಾಷೆಯಲ್ಲಿ ನೀನು, ನೀವು ಎಂಬ ಭೇದವಿಲ್ಲ. ಇಲ್ಲಿ ಬರೆಯುವಾಗ ಯಾರ ಬಾಯಿಗೆ ಯಾವುದು ಹೊಂದುತ್ತದೋ ನಾನೇ ಹಾಕಿಕೊಳ್ಳುತ್ತಿದ್ದೇನೆ. ಗಾಳಿಯಪ್ಪ ನನ್ನನ್ನು ಏಕವಚನದಲ್ಲೇ ಕರೆಯುತ್ತಾನೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಮುಖ್ಯ ಪಾಠ ಮಾಡುವವರು ಎಪ್ಪತ್ತರ ಆಸುಪಾಸಿನ ಹೆಂಗಸು. ಮೇಜಿನ ಮೇಲೆ ಪುಟ್ಟ ಹಿತ್ತಾಳೆ ಗಂಟೆ ಇಟ್ಟುಕೊಂಡಿದ್ದಾರೆ. ಮಾತು ಉದ್ದವಾದರೆ ಟಿಣ್ ಎನ್ನಿಸುತ್ತಾರೆ. ಮೂವತ್ತು ವರ್ಷ ದೇಶ ದೇಶಗಳ ಹವಾಮಾನ ಮಾತುಕತೆಗಳಲ್ಲಿ ಟಿಪ್ಪಣಿ ಬರೆದುಕೊಳ್ಳುವ ಕೆಲಸ ಮಾಡಿದವರಂತೆ. "ನಾನು ಮಾತಾಡಿದವಳಲ್ಲ, ಕೇಳಿಸಿಕೊಂಡವಳು. ಅದಕ್ಕೇ ನನಗೆ ಎಲ್ಲ ಗೊತ್ತು" ಎಂದರು. ಗಂಟೆ ಮೇಡಂ ಎಂಬ ಹೆಸರು ಅರ್ಧ ದಿನದಲ್ಲೇ ನಿಂತಿತು, ಅದೂ ನಾನಿಟ್ಟದ್ದಲ್ಲ.

ಪರಿಚಯ ಹೇಳಿಕೊಳ್ಳುವಾಗ ನನ್ನ ಪಕ್ಕದಲ್ಲಿ ಕೂತಿದ್ದ ಹುಡುಗಿ ಎದ್ದು, "ನಾನು ಪ್ರೈಮರಿ ಶಾಲೆ ಟೀಚರ್. ನಮ್ಮ ಶಾಲೆ ಬಾವಿ ನೀರು ಉಪ್ಪಾಗಿದೆ. ಯಾಕೆ ಅಂತ ಮಕ್ಕಳು ಕೇಳ್ತಾರೆ. ಸರಿಯಾಗಿ ಹೇಳೋಕೆ ಬರಲಿಲ್ಲ, ಅದಕ್ಕೆ ಬಂದೆ" ಎಂದು ಕೂತಳು. ಗಂಟೆ ಬಾರಿಸುವ ಅಗತ್ಯವೇ ಬೀಳಲಿಲ್ಲ. ನಾನು ನನ್ನ ಅರ್ಜಿ ಐದು ಮೇಜು ಸುತ್ತಿದ ಕಥೆ ಹೇಳಿದೆ. ಎಲ್ಲರೂ ನಕ್ಕರು. ಕೂತಮೇಲೆ ಯಾಕೋ ಕಸಿವಿಸಿಯಾಯಿತು.

ಜುಲೈ ೭, ಶುಕ್ರವಾರ

ಮುಂದಿನ ವಾರದಿಂದ ಒಂದು ಆಟವಿದೆ. ಒಬ್ಬೊಬ್ಬರೂ ಒಂದೊಂದು ದೇಶದ ಪ್ರತಿನಿಧಿಯಾಗಿ ನಿಜವಾದ ಸಮಾವೇಶದ ಹಾಗೆ ಕೂತು ಒಂದು ಒಪ್ಪಂದ ಬರೆಯಬೇಕು. ಇವತ್ತು ಚೀಟಿ ಎತ್ತಿದೆವು. ಟೀಚರಿಗೆ ತಗ್ಗು ಕರಾವಳಿಯ ಸಣ್ಣ ದೇಶ ಬಂತು. ಅವಳು ನಗಲೂ ಇಲ್ಲ, ಅಳಲೂ ಇಲ್ಲ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡಳು. ಗಾಳಿಯಪ್ಪನಿಗೆ ಕೈಗಾರಿಕೆಯ ದೊಡ್ಡ ದೇಶ. ನನಗೆ ತೈಲ ದೇಶ.

ನನ್ನ ಚೀಟಿಯಲ್ಲಿ ಬರೆದಿದ್ದ ಸೂಚನೆ: "ಏಳನೇ ಕಲಮು ಈಗಿರುವಂತೆ ಅಂಗೀಕಾರವಾಗಲು ಬಿಡಬೇಡಿ." ಏಳನೇ ಕಲಮು ಎಂದರೆ ಕಲ್ಲಿದ್ದಲು, ತೈಲ ಸುಡುವುದನ್ನು ಹನ್ನೆರಡು ವರ್ಷದಲ್ಲಿ ಎಲ್ಲ ದೇಶಗಳೂ ಅರ್ಧಕ್ಕೆ ಇಳಿಸತಕ್ಕದ್ದು ಎಂಬುದು. ಒಪ್ಪಂದದ ಪ್ರಾಣವೇ ಅದು. ಚೀಟಿ ಬದಲಾಯಿಸಿಕೊಳ್ಳೋಣವೆಂದು ನಾಲ್ಕು ಜನರನ್ನು ಕೇಳಿದೆ. ಎಲ್ಲರೂ ಬೆನ್ನು ತಟ್ಟಿ, "ಏನೂ ಆಗಲ್ಲ, ಮಾಡಿ" ಎಂದರು. ಆಗ್ಲಿ ಅಂದೆ.

ಜುಲೈ ೧೦, ಸೋಮವಾರ

ಮೊದಲ ಸುತ್ತು. ಏಳನೇ ಕಲಮು ಹನ್ನೊಂದು ನಿಮಿಷದಲ್ಲಿ ಪಾಸಾಯಿತು.

ನಾನು ಪ್ರಯತ್ನಿಸಲಿಲ್ಲ ಎಂದಲ್ಲ. "ನಮಗೆ ಸ್ವಲ್ಪ ತೊಂದರೆ ಇದೆ" ಎಂದೆ. ಗಾಳಿಯಪ್ಪ, "ಏನು ತೊಂದರೆ?" ಎಂದ. ಮೂರು ಕಾರಣ ಹೇಳಿದೆ. ಮೂರನೆಯದು ನನಗೇ ಸರಿ ಅನ್ನಿಸಿರಲಿಲ್ಲ, ಅವನು ಅದನ್ನೇ ಹಿಡಿದು ಜಗ್ಗಿದ. "ಹಾಗಾದರೆ ಆಗ್ಲಿ" ಎಂದುಬಿಟ್ಟೆ. ಚಪ್ಪಾಳೆ. ಮೂವತ್ತು ವರ್ಷದಲ್ಲಿ ಇಷ್ಟು ಒಳ್ಳೆಯ ತೈಲ ದೇಶವನ್ನು ನೋಡೇ ಇರಲಿಲ್ಲ ಎಂದು ಗಂಟೆ ಮೇಡಂ ಹೇಳಿದ್ದಕ್ಕೆ ಇಡೀ ತರಗತಿ ಮೇಜು ಬಡಿಯಿತು.

ಆಮೇಲೆ ಪಕ್ಕಕ್ಕೆ ಕರೆದರು. "ಕೂತ್ಕೊಳ್ಳಿ. ಇದು ಚೆನ್ನಾಗಿಲ್ಲ."

"ಎಲ್ಲರಿಗೂ ಒಳ್ಳೇದೇ ಆಯ್ತಲ್ಲ ಮೇಡಂ?"

"ಆಟದಲ್ಲಿ ಆಯ್ತು. ಹೊರಗೆ ಹೋದ್ರೆ ಆ ಕುರ್ಚೀಲಿ ನಿಮ್ಮಂಥವರು ಕೂತಿರಲ್ಲ. ಈ ಮಕ್ಕಳು ನಿಜವಾದ 'ಇಲ್ಲ'ನ ಇಲ್ಲೇ ಕೇಳಿ ಹೋಗ್ಬೇಕು. ನಿಮ್ಮ ಕೈಲಿ ಆಗತ್ತೆ. ಮೂರೇ ವಿಷಯ. ಮುಖ ಗಂಟು ಹಾಕ್ಬೇಡಿ, ನಗ್ತಾ ಹೇಳಿ. ಕಾರಣ ಒಂದೇ ಹೇಳಿ, ಮೂರು ಹೇಳಿದ್ರೆ ಲಡಾಸು ಕಾರಣ ಹಿಡ್ಕೊಂಡು ಎಳೀತಾರೆ. ಹೇಳಿದ ಮೇಲೆ ಸುಮ್ನಿರಿ. ಮೌನ ತುಂಬೋ ಕೆಲಸ ಅವರದ್ದು, ನಿಮ್ಮದಲ್ಲ."

ನಾಳೆಯಿಂದ ಮೊದಲ ಸುತ್ತು ರದ್ದು, ಹೊಸದಾಗಿ ಶುರು. ನನ್ನಿಂದಾಗಿ ಮೂವತ್ತಮೂರು ಜನಕ್ಕೆ ಎರಡೆರಡು ಕೆಲಸ.

ಜುಲೈ ೧೧, ಮಂಗಳವಾರ

ಊಟದ ಹೊತ್ತಿಗೆ ಕಚೇರಿಯ ದೊಡ್ಡ ಸಾಹೇಬರ ಫೋನು. "ಏನ್ರೀ, ಪಾಠ ಜೋರಾ? ಆ ಆಸ್ಪತ್ರೆ ಕಾಗದ ಕಳಿಸಿಬಿಡಿ. ಒಂದು ಸಹಿ ಅಷ್ಟೇ. ಇಪ್ಪತ್ತೊಂಬತ್ತಕ್ಕೆ ಮಂತ್ರಿಗಳು ಬರ್ತಾರೆ."

"ನೋಡ್ತೀನಿ ಸಾರ್" ಎಂದೆ.

ಇನ್ನು ಬರೆಯದೆ ವಿಧಿಯಿಲ್ಲ. ಹೊರಡುವ ಹಿಂದಿನ ದಿನ ಆ ತಾರಸಿಗೆ ಹೋಗಿದ್ದೆ. ಮೂರು ಮಹಡಿಯ ಹಳೆಯ ಕಟ್ಟಡ. ತಾರಸಿಯ ಮೇಲೆ ನೂರಹತ್ತು ಸೋಲಾರ್ ಪ್ಯಾನೆಲ್ ಕೂರಿಸುವ ಯೋಜನೆ. ಗಾಳಿಗೆ ಹಾರದಂತೆ ಅವುಗಳ ಬುಡಕ್ಕೆ ಕಾಂಕ್ರೀಟ್ ದಿಮ್ಮಿಗಳನ್ನು ಹೇರುತ್ತಾರೆ, ಭಾರವೆಲ್ಲ ಅವುಗಳದ್ದೇ. ಅಷ್ಟು ತೂಕ ತಾರಸಿ ತಡೆಯುತ್ತದೆ ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸ. ಸುತ್ತಿಗೆಯಿಂದ ತಟ್ಟುತ್ತಾ ಹೋದೆ. ಗಟ್ಟಿ ಕಾಂಕ್ರೀಟ್ ಟಣ್ ಎನ್ನುತ್ತದೆ. ನೀರಿನ ಟ್ಯಾಂಕಿನ ಆಸುಪಾಸಿನಲ್ಲೆಲ್ಲ ಡಬ್ ಡಬ್ ಎಂದಿತು, ಖಾಲಿ ಡಬ್ಬಿ ಬಡಿದ ಹಾಗೆ. ಒಳಗೆ ಕಂಬಿ ತುಕ್ಕು ಹಿಡಿದು ಉಬ್ಬಿದೆ ಎಂದರ್ಥ. ಕೆಳಗಡೆ ಬಾಣಂತಿಯರ ವಾರ್ಡು. ಕಾಗದದ ಅಂಚಿನಲ್ಲಿ ಪೆನ್ಸಿಲ್ಲಿನಿಂದ "ಪರೀಕ್ಷೆ ಬೇಕು" ಎಂದು ಬರೆದೆ. ಪೆನ್ನಿನಿಂದ ಬರೆಯಲಿಲ್ಲ. ಬೇಕಾದರೆ ಅಳಿಸಬಹುದಲ್ಲ ಎಂದುಕೊಂಡಿದ್ದೆ.

ಜುಲೈ ೧೩, ಗುರುವಾರ

ಬಟ್ಟೆ ಒಗೆಯುವ ಕೋಣೆಯಲ್ಲಿ ಒಂದು ದೊಡ್ಡ ಕನ್ನಡಿ ಇದೆ. ಮಷೀನು ತಿರುಗುವಷ್ಟು ಹೊತ್ತು ಅದರ ಮುಂದೆ ನಿಂತು ನಗುತ್ತಾ "ಇಲ್ಲ" ಎಂದು ಅಭ್ಯಾಸ ಮಾಡಿದೆ. ನಲವತ್ತು ನಿಮಿಷದ ಮಷೀನು. ಹಿಂದೆ ಯಾರೋ ಬಟ್ಟೆ ಹಿಡಿದು ನಿಂತಿದ್ದರು, ಎಷ್ಟು ಹೊತ್ತಿನಿಂದಲೋ.

ಕ್ಯಾಂಟೀನಿನ ಹೆಂಗಸು ಎರಡನೇ ಸಲ ಸೂಪು ಬಡಿಸಲು ಬಂದರು. ನಗುತ್ತಾ ಸಾಕು ಎಂದೆ. ಸುಮ್ಮನಿದ್ದೆ. ಅವರು ಆಶ್ಚರ್ಯದಿಂದ ಸೌಟು ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಹಸಿವಾಯಿತು.

ಜುಲೈ ೧೪, ಶುಕ್ರವಾರ

ಮೂರು ಗಂಟೆ! ಏಳನೇ ಕಲಮನ್ನು ಮೂರು ಗಂಟೆ ಹಿಡಿದು ನಿಲ್ಲಿಸಿದೆ. ಅದೂ ಒಂದೇ ಪದದ ಮೇಲೆ. "ಇಳಿಸತಕ್ಕದ್ದು" ಎಂದಿರುವಲ್ಲಿ "ಇಳಿಸಬಹುದು" ಎಂದು ಆಗಬೇಕು ಎಂದೆ. ಹದಿನೆಂಟು ವರ್ಷ ಕಚೇರಿಯಲ್ಲಿ ಟಿಪ್ಪಣಿ ಬರೆದವನಿಗೆ ಈ ಎರಡರ ನಡುವಿನ ಕಂದಕ ಎಷ್ಟು ಆಳವೆಂದು ಯಾರೂ ಕಲಿಸಬೇಕಿಲ್ಲ. "ತಕ್ಕದ್ದು" ಎಂದರೆ ಮಾಡಲೇಬೇಕು. "ಬಹುದು" ಎಂದರೆ ಕಡತ ಬೀರುವಿಗೆ.

ಗಾಳಿಯಪ್ಪ ಸಿಟ್ಟಾದ, ಬೇಡಿಕೊಂಡ, ಜೋಕು ಹೇಳಿದ. ನಾನು ನಗುತ್ತಾ ಒಂದೇ ಮಾತು: "ನಮ್ಮ ಜನರಿಗೆ ಬೇರೆ ಕೆಲಸ ಇಲ್ಲ." ಆಮೇಲೆ ಮೌನ. ಮೊದಲನೇ ಮೌನದಲ್ಲಿ ನನ್ನ ಕಿವಿ ಬಿಸಿಯಾಗಿತ್ತು. ನಾಲ್ಕನೆಯದರಲ್ಲಿ ಕಿಟಕಿಯ ಹೊರಗಿನ ಮರದಲ್ಲಿ ಎಷ್ಟು ಹಕ್ಕಿ ಇವೆ ಎಂದು ಎಣಿಸಿದೆ. ಏಳು.

ಜುಲೈ ೧೫, ಶನಿವಾರ

ಬೆಳಿಗ್ಗೆ ಎದ್ದವನೇ ಕಿಟಕಿ ಮುಚ್ಚಿದೆ. ಗಾಳಿಯಪ್ಪ ಹೊದಿಕೆಯೊಳಗಿಂದ ಮುಖ ಹೊರಗೆ ಹಾಕಿ, "ಅಬ್ಬಾ! ಎರಡು ವಾರದಿಂದ ನಡುಗ್ತಾ ಇದ್ದೀನಿ ಮಾರಾಯಾ, ಈಗಲಾದ್ರೂ ಮುಚ್ಚಿದೆಯಲ್ಲ" ಎಂದ.

"ನಿನಗೆ ಗಾಳಿ ಬೇಕು ಅಂದ್ಕೊಂಡಿದ್ದೆ."

"ನನಗಾ? ದಿನವಿಡೀ ಗಾಳೀಲೇ ಸಾಯ್ತೀನಿ. ಕಿಟಕಿ ಪಕ್ಕ ನೀನಿದ್ದೆ. ನಿನಗೇ ಬೇಕೇನೋ ಅಂತ ಸುಮ್ನಿದ್ದೆ."

ಕಿಟಕಿಯನ್ನು ಕಸ ಗುಡಿಸುವವರು ತೆರೆದಿಟ್ಟದ್ದಂತೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಇವತ್ತು ಅವನ ಜೊತೆ ಬೆಟ್ಟದ ಮೇಲಿನ ಗಾಳಿಯಂತ್ರ ನೋಡಿ ಬಂದೆ. ಹತ್ತಲಿಲ್ಲ. ಹತ್ತು ಎಂದ, ಇಲ್ಲ ಎಂದೆ. ಕೆಳಗೆ ನಿಂತು ನೋಡಿದರೆ ಒಂದೊಂದು ರೆಕ್ಕೆಯೂ ತಲೆಯ ಮೇಲೆ ಹಾದುಹೋಗುವಾಗ ದೊಡ್ಡ ಪ್ರಾಣಿ ಉಸಿರಾಡಿದಂತೆ ಸದ್ದು.

ಜುಲೈ ೧೮, ಮಂಗಳವಾರ

ಒಪ್ಪಂದ ಮುರಿದುಬಿತ್ತು. ನಾನೇ ಮುರಿದದ್ದು.

ಗಡುವು ಮಧ್ಯಾಹ್ನ ನಾಲ್ಕು ಗಂಟೆ. ಮೂರೂ ಐವತ್ತಕ್ಕೆ ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಕರಾವಳಿ ದೇಶದ ಪರವಾಗಿ ಟೀಚರ್ ಎದ್ದು ನಿಂತು, "ಹನ್ನೆರಡು ವರ್ಷ ಆದ್ಮೇಲೆ ನಮ್ಮ ದೇಶದ ಪ್ರತಿನಿಧಿ ಈ ಕುರ್ಚೀಲಿ ಕೂರೋಕೆ ನಮ್ಮ ದೇಶವೇ ಇರಲ್ಲ" ಎಂದಳು. ನಾನು ನಗುತ್ತಾ ಅದೇ ಮಾತು ಹೇಳಿದೆ. ಗಂಟೆ ಮೇಡಂ ಗಂಟೆ ಹೊಡೆದರು. ಮುಗಿಯಿತು.

ಗೆದ್ದೆ ಎಂದು ಒಂದು ಕ್ಷಣ ಖುಷಿಯಾದದ್ದು ನಿಜ. ಹೊರಗೆ ಬಂದಾಗ ಟೀಚರ್ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೂತೆ.

"ಬೇಜಾರಾಯ್ತಾ?"

"ನೀವು ಚೆನ್ನಾಗಿ ಆಡಿದ್ರಿ ಸಾರ್. ಬೇಜಾರು ಅದಕ್ಕೇ. ನೀವು ನಗ್ತಾ ಇದ್ರಿ, ನನಗೆ ನಮ್ಮ ಬಾವಿ ಕಾಣ್ತಾ ಇತ್ತು." ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: "ನಿಮ್ಮ ಕಚೇರೀಲೂ ನೀವು ಹೀಗೇನಾ? ಯಾರಿಗೂ ಜಗ್ಗಲ್ವಾ?"

ನನಗೆ ನಗು ಬಂತು. ಆಮೇಲೆ ಬರಲಿಲ್ಲ. ಯಾರ ಹತ್ತಿರವೂ ಹೇಳದ ತಾರಸಿಯ ಕಥೆ ಅವಳಿಗೆ ಹೇಳಿದೆ. ಪೆನ್ಸಿಲ್ಲಿನ ವಿಷಯವನ್ನೂ.

"ಅಂದ್ರೆ," ಎಂದಳು, "ಇಲ್ಲದೇ ಇರೋ ತೈಲಕ್ಕೋಸ್ಕರ ಮೂರು ದಿನ ಇಲ್ಲ ಅಂದ್ರಿ. ಇರೋ ಬಾಣಂತಿಯರಿಗೋಸ್ಕರ ಇನ್ನೂ ಅಂದಿಲ್ಲ."

ಹೀಗೆ ಹೇಳಿಸಿಕೊಂಡು ಬಹಳ ವರ್ಷವಾಗಿತ್ತು. ಅವಳು ಎದ್ದು ಹೋಗಿ ಎರಡು ಕಾಫಿ ತಂದಳು. ಮಕ್ಕಳನ್ನು ಬೈದ ಮೇಲೆ ಹೀಗೇ ಏನಾದರೂ ಕೊಡುವ ಅಭ್ಯಾಸವಂತೆ.

ಜುಲೈ ೧೯, ಬುಧವಾರ

ಬಟ್ಟೆ ಒಗೆಯುವ ಕೋಣೆಯಲ್ಲಿದ್ದಾಗ ಸಾಹೇಬರ ಫೋನು.

"ಏನ್ರೀ, ಇನ್ನೂ ಬಂದಿಲ್ವಲ್ಲ ಕಾಗದ?"

"ಇಲ್ಲ ಸಾರ್. ನಾನು ಸಹಿ ಮಾಡಲ್ಲ. ಆ ತಾರಸಿ ಭಾರ ತಡೆಯಲ್ಲ."

"ಅಂದ್ರೆ? ಇನ್ವಿಟೇಶನ್ ಅಚ್ಚಾಗಿದೆ ಕಣ್ರೀ!"

"ಆ ತಾರಸಿ ಭಾರ ತಡೆಯಲ್ಲ ಸಾರ್."

"ನಲವತ್ತು ವರ್ಷ ನಿಂತಿದೆ. ನೀವು ಸುತ್ತಿಗೇಲಿ ಕುಟ್ಟಿದ ತಕ್ಷಣ ಬಿದ್ದೋಗತ್ತಾ?"

"ತಡೆಯಲ್ಲ ಸಾರ್."

ಆ ಕಡೆ ಮೌನ. ನಾನೂ ಸುಮ್ಮನಿದ್ದೆ. ಮಷೀನು ಗಡಗಡ ತಿರುಗುತ್ತಿತ್ತು. ಕೊನೆಗೆ ಅವರೇ, "ನೀವಿಲ್ಲ ಅಂದ್ರೆ ಸಹಿ ಮಾಡೋಕೆ ಬೇರೆಯವರು ಇದ್ದಾರೆ. ನೀವು ವಾಪಸ್ ಬನ್ನಿ, ಎಲ್ಲಿಗೆ ಹಾಕ್ಬೇಕು ನೋಡ್ತೀನಿ" ಎಂದು ಫೋನು ಕುಕ್ಕಿದರು.

ಬಿಳಿ ಅಂಗಿಗೆ ಯಾರದೋ ಕಾಲುಚೀಲದ ನೀಲಿ ಬಣ್ಣ ಹತ್ತಿದೆ.

ಜುಲೈ ೨೦, ಗುರುವಾರ

ಪಾಠ ತಲೆಗೆ ಹತ್ತಲಿಲ್ಲ. ಕಾರ್ಬನ್ ತೆರಿಗೆಯ ಬಗ್ಗೆ ಏನೋ ಹೇಳಿದರು.

ಮನೆಗೆ ಫೋನು ಮಾಡಿದೆ. ನನ್ನಾಕೆಗೆ ನಡೆದದ್ದು ಹೇಳಿದೆ.

"ರೀ, ಸಾಹೇಬರಿಗೆ ನೀವೇ ಹೇಳಿದ್ರಾ? ನಿಮ್ಮ ಬಾಯಲ್ಲೇ?"

"ಹೂಂ."

"ಎಷ್ಟು ಸಲ?"

"ಮೂರು ಸಲ. ಈಗ ಎಲ್ಲಿಗೆ ಹಾಕ್ತಾರೋ ಏನೋ."

"ಎಲ್ಲಿಗಾದ್ರೂ ಹಾಕ್ಲಿ ಬಿಡ್ರೀ. ಪಾತ್ರೆ ಪಡಗ ಕಟ್ಕೊಂಡು ಹೋದ್ರಾಯ್ತು. ನೀವು ಸರಿಯಾಗಿ ಊಟ ಮಾಡಿ." ಧ್ವನಿ ಒಂಥರ ಇತ್ತು. ನೆಗಡಿಯಿರಬೇಕು.

ಆದರೆ ಬೇರೆಯವರು ಸಹಿ ಮಾಡಿಬಿಟ್ಟರೆ? ನನ್ನ ಸಹಿ ಇಲ್ಲದಿದ್ದರೆ ತಾರಸಿಗೇನು ತಿಳಿಯುತ್ತದೆ?

ಜುಲೈ ೨೧, ಶುಕ್ರವಾರ

ಗಂಟೆ ಮೇಡಂ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಇಲ್ಲ ಅಂದಿದ್ದು ಸರಿ. ಅರ್ಧ ಕೆಲಸ ಆಯ್ತು. ಇನ್ನರ್ಧ, ನಿಮ್ಮ ಸಾಹೇಬರು ಮಂತ್ರಿ ಮುಂದೆ ನಿಂತು ಏನು ಹೇಳ್ಬೇಕು ಅನ್ನೋದನ್ನೂ ನೀವೇ ಬರೆದುಕೊಡೋದು. ಅವರಿಗೂ ತಲೆ ಎತ್ತಿ ನಡೆಯೋಕೆ ದಾರಿ ಬೇಕು. ಎದುರಿನವರಿಗೆ ಬಾಗಿಲು ಬಿಡದೇ ಇದ್ರೆ ಅವರು ಗೋಡೇನೇ ಒಡೀತಾರೆ. ಎಷ್ಟೋ ಒಪ್ಪಂದ ಹಾಗೆ ಒಡೆದದ್ದನ್ನ ನಾನು ಟಿಪ್ಪಣಿ ಬರೆದಿದ್ದೀನಿ."

ಕೋಣೆಗೆ ವಾಪಸಾಗುವ ದಾರಿಯಲ್ಲಿ ತಟ್ಟನೆ ನೆನಪಾಯಿತು: ಆಂಬುಲೆನ್ಸ್ ಶೆಡ್! ಆಸ್ಪತ್ರೆಯ ಅಂಗಳದಲ್ಲಿ ಎರಡು ವರ್ಷದ ಹಿಂದೆ ಕಟ್ಟಿದ ಉಕ್ಕಿನ ಶೆಡ್. ನಕ್ಷೆ ಬರೆದವನು ನಾನೇ. ಯಾವ ಕಂಬ ಎಷ್ಟು ಹೊರುತ್ತದೆ ಎಂದು ಬಾಯಿಪಾಠ. ಅಲ್ಲಿ ದಿಮ್ಮಿ ಬೇಕಿಲ್ಲ, ತಗಡಿಗೇ ಕ್ಲ್ಯಾಂಪು ಹಾಕಿ ಬಿಗಿಯಬಹುದು.

ಮಧ್ಯಾಹ್ನವೆಲ್ಲ ನಮ್ಮ ಕೋಣೆಯೇ ಕಚೇರಿಯಾಯಿತು. ಗಾಳಿಯಪ್ಪ ಗಾಳಿಯ ಒತ್ತಡ ಲೆಕ್ಕ ಹಾಕಿದ. ಕ್ಯಾಲ್ಕುಲೇಟರ್ ಅವನ ಅಂಗೈಯಲ್ಲಿ ಬೆಂಕಿಪೊಟ್ಟಣದಷ್ಟು ಕಾಣುತ್ತದೆ. ನಲವತ್ತೆರಡು ಪ್ಯಾನೆಲ್ ಹಿಡಿಯುತ್ತವೆ. ಹೆರಿಗೆ ಕೋಣೆಯ ದೀಪ, ಲಸಿಕೆಯ ಫ್ರಿಜ್, ಮಗುವನ್ನು ಬೆಚ್ಚಗಿಡುವ ಪೆಟ್ಟಿಗೆಗಳಿಗೆ ಹಗಲಿಡೀ ಸಾಕು. ಉಳಿದವು ತಾರಸಿ ದುರಸ್ತಿಯಾದ ಮೇಲೆ.

ನಾನು ಕಾಗದ ಬರೆದೆ. ಟೀಚರ್ ಪಾಠದ ಭಾಷೆಯಲ್ಲಿ ಓದಿಸಿ ಕೇಳಿ, "ತಾರಸಿಯನ್ನು ಪರೀಕ್ಷಿಸುವುದು ಒಳ್ಳೆಯದು ಅಂತ ಬರೆದಿದ್ದೀರಲ್ಲ, ಅದೆಂಥದ್ದು?" ಎಂದಳು.

"ಸ್ವಲ್ಪ ಮರ್ಯಾದೆಯಾಗಿ ಇರ್ಲಿ ಅಂತ."

"ನನ್ನ ಹತ್ರ ಇಳಿಸಬಹುದು ಅಂತ ಮೂರು ಗಂಟೆ ಕಾಡಿದ್ರಿ. ಈಗ 'ತಕ್ಕದ್ದು' ಹಾಕಿ."

ಹಾಕಿದೆ. "ಪ್ಯಾನೆಲ್ ಏರಿಸುವ ಮುನ್ನ ತಾರಸಿಯನ್ನು ಪರೀಕ್ಷಿಸತಕ್ಕದ್ದು. ಪರೀಕ್ಷೆಯ ಹಿಂದಿನ ದಿನವೇ ಕೆಳಗಿನ ಎರಡು ವಾರ್ಡು ತೆರವು ಮಾಡತಕ್ಕದ್ದು." ಕೊನೆಗೆ ಒಂದು ಸಾಲು: ಶೆಡ್ ನೆಲಮಟ್ಟದಲ್ಲಿರುವುದರಿಂದ ಸನ್ಮಾನ್ಯ ಮಂತ್ರಿಗಳು ಮೂರು ಮಹಡಿ ಹತ್ತುವ ಪ್ರಮೇಯವಿಲ್ಲ, ಫೋಟೋದಲ್ಲಿ ಆಂಬುಲೆನ್ಸೂ ಬರುತ್ತದೆ. ಮಂತ್ರಿಗಳಿಗೆ ಮಂಡಿನೋವು ಎಂದು ಊರಿಗೇ ಗೊತ್ತು. ಸಾಹೇಬರಿಗೆ ಕಳಿಸಿದೆ. ಅದರ ಒಂದು ಪ್ರತಿಯನ್ನು ಆಸ್ಪತ್ರೆಯ ಮುಖ್ಯ ವೈದ್ಯೆಗೂ.

ಜುಲೈ ೨೪, ಸೋಮವಾರ

ಉತ್ತರವಿಲ್ಲ.

ಮುರಿದುಬಿದ್ದ ಒಪ್ಪಂದದ ಮೇಲೆ ಗಂಟೆ ಮೇಡಂ ಮರುಚರ್ಚೆ ಇಟ್ಟರು. ಟೀಚರ್ ದೇಶದ ಭಾಷಣ ನಾನು ಬರೆದೆ, ನನ್ನ ದೇಶದ ಭಾಷಣ ಅವಳು ಬರೆದಳು. "ತಕ್ಕದ್ದು" ಉಳಿಯಿತು. ತೈಲದ ಕೆಲಸಗಾರರಿಗೆ ಮೊದಲ ಮೂರು ವರ್ಷದಲ್ಲೇ ಬೇರೆ ಕೆಲಸ ಕಲಿಸುವುದೂ, ತಗ್ಗು ಕರಾವಳಿಗೆ ಕುಡಿಯುವ ನೀರು ಒದಗಿಸುವುದೂ ಅದೇ ಕಲಮಿಗೆ ಸೇರಿದವು. ಪಾಸಾಯಿತು. ಗಂಟೆ ಮೇಡಂ ಗಂಟೆಯನ್ನು ಬಾರಿಸಿಯೇ ಬಾರಿಸಿದರು, ನಿಲ್ಲಿಸಲೇ ಇಲ್ಲ. ಗಾಳಿಯಪ್ಪ ನನ್ನನ್ನು ಎತ್ತಿ ತಿರುಗಿಸಿದ. ಸೊಂಟ ಉಳುಕಿದೆ.

ಜುಲೈ ೨೭, ಗುರುವಾರ

ಬೆಳಿಗ್ಗೆ ಹತ್ತಕ್ಕೆ ಸಾಹೇಬರ ಫೋನು. ತರಗತಿಯಿಂದ ಹೊರಗೆ ಬಂದು ಹಜಾರದಲ್ಲಿ ನಿಂತು ಮಾತಾಡಿದೆ.

ಮುಖ್ಯ ವೈದ್ಯೆ ನನ್ನ ಕಾಗದ ಹಿಡಿದು ಸೋಮವಾರವೇ ಅವರ ಕಚೇರಿಗೆ ಹೋಗಿ ಕೂತರಂತೆ. "ಎದ್ದೇಳೇ ಇಲ್ಲ ಕಣ್ರೀ ಆಯಮ್ಮ." ಅಷ್ಟರಲ್ಲಿ ಮಂತ್ರಿಗಳ ಕಡೆಯವರಿಗೂ ನೆಲಮಟ್ಟದ ವಿಷಯ ಹಿಡಿಸಿತ್ತು. ಮಂಗಳವಾರ ಸಂಜೆ ಎರಡು ವಾರ್ಡಿನ ಬಾಣಂತಿಯರನ್ನೂ ಕೆಳಗಿಳಿಸಿದರು. ನಿನ್ನೆ ಪರೀಕ್ಷೆಯವರು ಬಂದು ವಾರ್ಡಿನ ಒಳಗಿನಿಂದ ಛಾವಣಿಯನ್ನು ಉದ್ದನೆಯ ಕೋಲಿನಲ್ಲಿ ತಟ್ಟಿದರಂತೆ.

"ತಟ್ಟಿದ್ದಷ್ಟೇ. ಒಂದು ಬಾಗಿಲು ಅಗಲದ ಕಾಂಕ್ರೀಟು ಕಳಚಿ ಬಿತ್ತು. ಆರನೇ ನಂಬರ್ ಮಂಚದ ಮೇಲೆ. ಮಂಚ ಮುರಿದು ಎರಡಾಗಿದೆ." ಸಾಹೇಬರು ನಿಲ್ಲಿಸಿದರು. "ಪ್ಯಾನೆಲ್ ಇನ್ನೂ ಒಂದೂ ಏರಿಸಿರಲಿಲ್ಲ. ಬರೀ ಅದರ ಪಾಡಿಗೆ ಅದು."

"ಯಾರಿಗೂ..."

"ಇಲ್ಲ. ಖಾಲಿ ಇತ್ತು."

ಇಬ್ಬರೂ ಸುಮ್ಮನಿದ್ದೆವು. ಈ ಸಲ ಮೌನವನ್ನು ತುಂಬಬೇಕಾದವರು ಯಾರೆಂದು ನನಗೆ ಗೊತ್ತಾಗಲಿಲ್ಲ. ಕೊನೆಗೆ ಅವರೇ, "ಊಟ ಗೀಟ ಸರಿ ಸಿಗ್ತಾ ಇದೆಯೇನ್ರೀ ಅಲ್ಲಿ?" ಎಂದರು. ಹದಿನೆಂಟು ವರ್ಷದಲ್ಲಿ ಮೊದಲ ಸಲ.

"ಸಿಗ್ತಾ ಇದೆ ಸಾರ್. ಸೂಪು ಚೆನ್ನಾಗಿರುತ್ತೆ."

"ಹಾಂ. ಸೋಮವಾರ ಎರಡು ಗಂಟೆಗೆ ಮೀಟಿಂಗ್. ಊರಲ್ಲಿರೋ ಹಳೇ ಕಟ್ಟಡಗಳ ಪಟ್ಟಿ ತನ್ನಿ."

ಫೋನು ಇಟ್ಟು ಹಜಾರದ ಬೆಂಚಿನ ಮೇಲೆ ಕೂತೆ. ಟೀಚರ್ ಹೊರಗೆ ಬಂದು ನನ್ನ ಮುಖ ನೋಡಿ ಹೆದರಿದಳು. ಹೇಳಿದೆ. ಅವಳು ಪಕ್ಕದಲ್ಲಿ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ, ಭುಜ ಮಾತ್ರ ಅಲುಗುತ್ತಿತ್ತು.

ಜುಲೈ ೨೮, ಶುಕ್ರವಾರ

ಪ್ರಮಾಣಪತ್ರ ಕೊಟ್ಟರು. ಬಾವಿ ಯಾಕೆ ಉಪ್ಪಾಯಿತೆಂದು ಮಕ್ಕಳಿಗೆ ಏನು ಹೇಳುತ್ತೀಯ ಎಂದು ಟೀಚರನ್ನು ಕೇಳಿದೆ. ಬಿಳಿ ಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದಳು. ಸಮುದ್ರ, ಮರಳು, ಅದರ ಕೆಳಗೆ ಸಿಹಿನೀರು, ಅದನ್ನು ಮೆಲ್ಲಗೆ ಒಳಕ್ಕೆ ತಳ್ಳುವ ಉಪ್ಪುನೀರು. ಎಂಟು ವರ್ಷದ ಮಗುವಿಗೂ ತಿಳಿಯುವಂತಿತ್ತು. ಕೊನೆಯಲ್ಲಿ ಬಾವಿಯ ಪಕ್ಕ ಒಂದು ಶಾಲೆಯನ್ನೂ ಬರೆದಳು, ಅದರ ಬಾಗಿಲಲ್ಲಿ ಕಡ್ಡಿಯಂಥ ಒಬ್ಬಳನ್ನೂ. "ಇದು ನಾನು" ಎಂದಳು.

ಗಾಳಿಯಪ್ಪ ನಮ್ಮ ಊರಿಗೆ ಬರುತ್ತಾನಂತೆ. ಮಂಚ ಸಾಲುವುದಿಲ್ಲ ಎಂದು ಹೇಳಿದ್ದೇನೆ.

ಜುಲೈ ೩೧, ಸೋಮವಾರ

ಮಧ್ಯಾಹ್ನ ಕಚೇರಿಗೆ ಹೋಗುವ ಮೊದಲು ಆಸ್ಪತ್ರೆಗೆ ಹೋದೆ. ಶನಿವಾರ ಮಂತ್ರಿಗಳು ಬಂದುಹೋದ ಶೆಡ್ಡಿನ ಮೇಲೆ ನಲವತ್ತೆರಡು ಪ್ಯಾನೆಲ್ ಕೂತಿದ್ದವು. ನನ್ನಾಕೆ ಹೊಸ ಬಿಳಿ ಅಂಗಿ ಇಸ್ತ್ರಿ ಮಾಡಿ ಕೊಟ್ಟಿದ್ದಳು. ಮೇಲಿನ ವಾರ್ಡಿನ ಛಾವಣಿಗೆ ಉಕ್ಕಿನ ಆಸರೆ ಕೊಟ್ಟು ನಿಲ್ಲಿಸಿದ್ದಾರೆ. ಆರನೇ ನಂಬರಿನ ಜಾಗದಲ್ಲಿ ನಿಂತು ಮೇಲೆ ನೋಡಿದೆ. ತುಕ್ಕು ಹಿಡಿದ ಕಂಬಿಗಳು ಮೀನಿನ ಮುಳ್ಳಿನಂತೆ ಕಾಣುತ್ತಿದ್ದವು. ಬಹಳ ಹೊತ್ತು ನಿಲ್ಲಲಾಗಲಿಲ್ಲ.

ಕೆಳಗಿನ ವಾರ್ಡು ತುಂಬಿ ತುಳುಕುತ್ತಿದೆ. ನಡೆಯಲು ಜಾಗವಿಲ್ಲದಂತೆ ಮಂಚಗಳು. ಹೆಡ್ ನರ್ಸ್ ಎರಡೂ ಕೈಯಲ್ಲಿ ಏನೇನೋ ಹಿಡಿದು ಓಡಾಡುತ್ತಿದ್ದರು. "ಯಾರ ಕಡೆಯವರು ನೀವು? ನೋಡೋಕೆ ಬರೋ ಹೊತ್ತಲ್ಲ ಇದು."

"ಕಟ್ಟಡ ವಿಭಾಗ. ಮೇಲಿನ ಛಾವಣಿ ನೋಡಿ ಬಂದೆ."

ನಿಂತರು. ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಕಾಗದ ಬರೆದವರಾ?"

"ಹೌದು."

ಒಂದು ಸ್ಟೂಲನ್ನು ಕಾಲಿನಿಂದಲೇ ನನ್ನ ಕಡೆ ತಳ್ಳಿ, "ಕೂತ್ಕೊಳ್ಳಿ. ಇದನ್ನ ಒಂದು ನಿಮಿಷ ಹಿಡ್ಕೊಳ್ಳಿ, ಇವರಮ್ಮನ್ನ ನಡೆಸ್ಕೊಂಡು ಬರ್ತೀನಿ" ಎಂದು ತೋಳಿನಲ್ಲಿದ್ದ ಬಟ್ಟೆಯ ಗಂಟನ್ನು ನನ್ನ ತೊಡೆಗಿಟ್ಟರು. ನಾಲ್ಕು ದಿನದ ಮಗು. ಮಂಚದ ಮೇಲಿದ್ದ ಚಿಕ್ಕ ವಯಸ್ಸಿನ ತಾಯಿ ನನ್ನನ್ನು ನೋಡಿ ಒಂದಿಷ್ಟೂ ಅನುಮಾನವಿಲ್ಲದೆ ನಕ್ಕು, ಎದ್ದು ಅವರ ಜೊತೆ ಹೊರಟಳು.

ಒಂದು ನಿಮಿಷ ಎಂದವರು ಅರ್ಧ ಗಂಟೆಯಾದರೂ ಬರಲಿಲ್ಲ. ಮಗು ಒಮ್ಮೆ ಕಣ್ಣು ತೆರೆದು ಛಾವಣಿಯನ್ನು ದಿಟ್ಟಿಸಿತು. ನಾನೂ ನೋಡಿದೆ. ಗಟ್ಟಿಯಾಗಿದೆ, ಕೆಳಗಿಳಿಯುವ ಮುನ್ನ ಮೇಲಿನ ನೆಲ ತಟ್ಟಿ ನೋಡಿದ್ದೆ. ಮಗು ಆಕಳಿಸಿತು, ಆಮೇಲೆ ನನ್ನ ಅಂಗಿಯನ್ನು ಎದೆಯಿಂದ ಹೊಟ್ಟೆಯವರೆಗೆ ಒದ್ದೆ ಮಾಡಿ ನಿದ್ದೆ ಹೋಯಿತು.

ಗೋಡೆಯ ಗಡಿಯಾರದಲ್ಲಿ ಎರಡಕ್ಕೆ ಹತ್ತು ನಿಮಿಷವಿತ್ತು. ಮೀಟಿಂಗಿಗೆ ಹಾಗೇ ಹೋದೆ.